ಪುಂಡಾನೆಗೆ ಸಾಕಾನೆ ಬರೆದ ಪತ್ರ

ಲೋ ಟೇಪು,

ದೀಪಾವಳಿಗೆ ನೀನು ಪ್ರತಿ ವರ್ಷ ಕಳಿಸೋದು ಅದೇ ದೀಪದ ಚಿತ್ರ, ಕೆಳಗೆ ಯಾವುದೋ ಜವಳಿ ಅಂಗಡಿ ಹೆಸರು. ಅದರ ಸೇಡಿಗೆ ಈ ಸಲ ಉದ್ದದ ಪತ್ರ ಬರೀತಿದೀನಿ, ಅದೂ ಊರೆಲ್ಲ ಓದೋ ಹಾಗೆ. ಹೆದರಬೇಡ, ನಿನ್ನ ಹೆಸರು ಹಾಕಿಲ್ಲ. ಲಾಡ್ಜಿನ ಬಕೆಟ್ಟಿನ ಸುದ್ದಿಯನ್ನೂ ಎತ್ತಲ್ಲ. ನನಗೂ ಹೆಂಡತಿ ಇದ್ದಾಳೆ, ಅವಳ ಕೈಲೂ ಫೋನಿದೆ.

ಸಮಾಚಾರ ಏನಪ್ಪಾ ಅಂದ್ರೆ, ನಮ್ಮ ಮನೆ ಅಡುಗೆಕಟ್ಟೆ ಬದಲಾಯಿಸಬೇಕು. ಒಲೆ ಪಕ್ಕ ಕೂತಿರೋ ಅರಿಶಿನದ ಕಲೆ ಯಾವ ಪುಡಿಗೂ ಜಗ್ಗಲ್ಲ. ಹೋದ ಶನಿವಾರ ಕಲ್ಲಿನ ಕಾಂಟ್ರಾಕ್ಟರ್ ಬಂದು ಅಂಗೈಯಗಲದ ಸ್ಯಾಂಪಲ್ಲುಗಳನ್ನು ಇಸ್ಪೀಟಿನ ಎಲೆ ಥರ ಹರಡಿದ. ಒಂದು ಕರಿಕಲ್ಲು ಇಂಡಿಯಾದ್ದಂತೆ. ಚಾಮರಾಜನಗರದ ಕಡೆಯದೇ ಇರಬಹುದು ಅಂದುಕೊಂಡು ಅದರ ಮೇಲೆ ಕೈಯಾಡಿಸುತ್ತಾ, ಏರ್‌ಪೋರ್ಟಲ್ಲಿ ಊರಿನವರು ಸಿಕ್ಕವನ ಹಾಗೆ ಹಲ್ಲು ಬಿಟ್ಟು ನಿಂತಿದ್ದೆ. ಹೆಂಡತಿ ರೇಟು ಕೇಳಿದಳು. ಅವನು, 'ಮಾಲೀಕರನ್ನ ಒಂದ್ಮಾತು ಕೇಳಿ ಹೇಳ್ತೀನಿ' ಅಂದ.

ಅಷ್ಟಕ್ಕೇ ನನ್ನ ತಲೆ ನಮ್ಮ ಟೆಕ್ಸಸ್ಸಿನ ರಾಜಧಾನಿ ಆಸ್ಟಿನ್ನಿಗೆ ಓಡಿತು.

ಅಮೆರಿಕದ ರಾಜಕೀಯ ಅಂದರೆ ನಿನಗೆ ಒಬ್ಬನೇ ಮನುಷ್ಯ. ಟೆಕ್ಸಸ್ಸಿನವರಾದ ನಮಗೆ ಜೊತೆಗೆ ಒಂದು ಮನೆಧಾರಾವಾಹಿಯೂ ಇದೆ. ನಾಯಕನ ಹೆಸರು ಕೆನ್ ಪ್ಯಾಕ್ಸ್‌ಟನ್. 2015ರಲ್ಲಿ ಈ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲ, ಆದವನು. ನಮ್ಮ ಅಡ್ವೊಕೇಟ್ ಜನರಲ್ ಥರ ನೇಮಕವಾಗೋ ಹುದ್ದೆಯಲ್ಲ ಇದು, ಜನ ವೋಟು ಹಾಕಿ ಆರಿಸೋದು. ಆತ ನಮ್ಮ ಕಾಲಿನ್ ಕೌಂಟಿಯವನೇ. ನಾವು ಕರಿಬೇವಿಗೂ ಕಡ್ಲೆಹಿಟ್ಟಿಗೂ ಕಾರು ಓಡಿಸೋ ಈ ಊರುಗಳಿಂದಲೇ ಗೆದ್ದು ಮೇಲೆ ಹೋದವನು. 2025ರಲ್ಲಿ ಅಮೆರಿಕದ ಸೆನೆಟ್ಟಿನ ಸ್ಪರ್ಧೆಗಿಳಿದ, ತನ್ನದೇ ರಿಪಬ್ಲಿಕನ್ ಪಕ್ಷದ ಹಳೇ ಹುಲಿ ಜಾನ್ ಕಾರ್ನಿನ್ ಎದುರು. ಪಕ್ಷದೊಳಗಿನ ಚುನಾವಣೆಗೆ ಗೊತ್ತಾದ ದಿನ 2026ರ ಮಾರ್ಚ್ 3. ನಾನು ಯಾರ ಕಡೆ ಅಂತ ಕೇಳಬೇಡ. ಇಲ್ಲಿ ಓದ್ತಿರೋರಲ್ಲಿ ಅರ್ಧ ಜನ ನನ್ನ ಮನೆಗೆ ಊಟಕ್ಕೆ ಬರೋರು, ಇನ್ನರ್ಧ ಜನರ ಮನೆಗೆ ನಾನು ಹೋಗೋನು.

ಕತೆ ಶುರುವಾಗೋದು 2020ರಲ್ಲಿ. ನೇಟ್ ಪಾಲ್ ಅಂತ ಆಸ್ಟಿನ್ನಿನ ಒಬ್ಬ ರಿಯಲ್ ಎಸ್ಟೇಟ್ ಕುಳ, ಪ್ಯಾಕ್ಸ್‌ಟನ್ನಿಗೆ ಚುನಾವಣಾ ದೇಣಿಗೆ ಕೊಟ್ಟವನು. ಅದಕ್ಕೆ ಹಿಂದಿನ ವರ್ಷವೇ ಅವನ ಮನೆ, ಆಫೀಸಿನ ಮೇಲೆ ಎಫ್‌ಬಿಐ ದಾಳಿ ಆಗಿತ್ತು. ಪ್ಯಾಕ್ಸ್‌ಟನ್ ತನ್ನ ಕಚೇರಿಯನ್ನೇ ಈ ಗೆಳೆಯನ ಚಾಕರಿಗೆ ಬಿಟ್ಟಿದ್ದಾನೆ, ಬದಲಿಗೆ ಏನೇನೋ ಪಡೆದಿದ್ದಾನೆ ಅಂತ ಸೆಪ್ಟೆಂಬರ್ ಕೊನೆಗೆ ಎಫ್‌ಬಿಐಗೆ ದೂರು ಹೋಯಿತು. ದೂರು ಕೊಟ್ಟವರು ವಿರೋಧ ಪಕ್ಷದವರಲ್ಲ ಕಣೋ. ಆತನೇ ಆರಿಸಿ ಪಕ್ಕದಲ್ಲಿ ಕೂರಿಸಿಕೊಂಡ ದೊಡ್ಡ ಅಧಿಕಾರಿಗಳು, ಆತನ ಪಕ್ಷ, ಆತನ ಸಿದ್ಧಾಂತದವರೇ. ಒಟ್ಟು ಎಂಟು ಜನ. ನವೆಂಬರ್ ಮಧ್ಯದ ಹೊತ್ತಿಗೆ ಐವರನ್ನು ಮನೆಗೆ ಕಳಿಸಿಯಾಗಿತ್ತು, ಅವರಲ್ಲಿ ನಾಲ್ವರು ಬ್ರಿಕ್‌ಮನ್, ಮ್ಯಾಕ್ಸ್‌ವೆಲ್, ಪೆನ್ಲಿ, ವಾಸ್ಸರ್. ಉಳಿದವರು ತಾವೇ ರಾಜೀನಾಮೆ ಕೊಟ್ಟರು.

ದೂರು ಕೊಟ್ಟ ಸರ್ಕಾರಿ ನೌಕರರ ಮೇಲೆ ಸೇಡು ತೀರಿಸಬಾರದು ಅಂತ ಟೆಕ್ಸಸ್ಸಿನಲ್ಲಿ 1983ರಿಂದ ಕಾನೂನಿದೆ. ದೂರು ಕೊಟ್ಟ 90 ದಿನದೊಳಗೆ ಕೆಲಸದಿಂದ ತೆಗೆದರೆ ಅದು ಸೇಡೇ ಅಂತ ಕೋರ್ಟು ಮೊದಲಿಗೆ ಭಾವಿಸುತ್ತೆ. ಅಲ್ಲ ಅಂತ ತೋರಿಸೋದು ಮೇಲಧಿಕಾರಿಯ ಪಾಡು. (ನಮ್ಮ ದೇಶದ ಕಾಯ್ದೆ 2014ರಲ್ಲಿ ರಾಷ್ಟ್ರಪತಿ ಅಂಕಿತ ಬಿದ್ದು ಇನ್ನೂ ಜಾರಿಗೆ ಬಂದಿಲ್ಲ. ಮುಹೂರ್ತ ಹುಡುಕ್ತಾ ಇರಬೇಕು.) ಆ ನಾಲ್ವರೂ ಕೇಸು ಹಾಕಿದರು. ಪ್ಯಾಕ್ಸ್‌ಟನ್ ಕಡೆಯ ವಾದ ಕೇಳು: ಅಟಾರ್ನಿ ಜನರಲ್ ಜನರಿಂದ ಆರಿಸಿಬಂದವನು, ಅವನಿಗೆ ಈ ಕಾಯ್ದೆ ಅನ್ವಯಿಸೋದೇ ಇಲ್ಲ! ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. 2023ರ ಫೆಬ್ರವರಿಯಲ್ಲಿ 33 ಲಕ್ಷ ಡಾಲರಿಗೆ ರಾಜಿ ಅಂತಾಯಿತು. ಆ ದುಡ್ಡನ್ನು ಸರ್ಕಾರ ಕೊಡಲಿ ಅಂತ ಈತ ವಿಧಾನಸಭೆಯ ಮುಂದೆ ಹೋದ. ಅಲ್ಲಿ ಕೆಟ್ಟಿತು. 'ಜನರ ದುಡ್ಡು ಯಾಕೆ ಕೊಡಬೇಕು' ಅಂತ ಸಭೆ ತನಿಖೆಗಿಳಿಯಿತು. ಮೇ ತಿಂಗಳಲ್ಲಿ 121-23 ಮತಗಳಿಂದ ಮಹಾಭಿಯೋಗ! ಆ ಸಭೆಯಲ್ಲಿ ಬಹುಮತ ಇದ್ದದ್ದೂ ಈತನ ಪಕ್ಷಕ್ಕೇ.

ಸೆಪ್ಟೆಂಬರಿನಲ್ಲಿ ರಾಜ್ಯ ಸೆನೆಟ್ಟಿನಲ್ಲಿ ವಿಚಾರಣೆ. ಆಫೀಸ್ ಕೆಲಸ ಒಂದು ಸ್ಕ್ರೀನಲ್ಲಿ, ಇದು ಇನ್ನೊಂದು ಸ್ಕ್ರೀನಲ್ಲಿ. ಆತನ ಹೆಂಡತಿ ಏಂಜೆಲಾ ಅಲ್ಲೇ ಸೆನೆಟರು, ನಮ್ಮ ಕಡೆಯವಳೇ. ಮತ ಹಾಕೋ ಹಾಗಿಲ್ಲ, ಆದರೂ ಗಂಡನ ಮೇಲಿನ ಸಾಕ್ಷ್ಯ ಕೇಳ್ತಾ ಕೂತಿದ್ದಳು. ಅಡುಗೆಕಟ್ಟೆ ಬಂದದ್ದು ಅಲ್ಲೇ. ಪ್ಯಾಕ್ಸ್‌ಟನ್ ಮನೆ ರಿಪೇರಿ ನಡೀತಿತ್ತು. ಗ್ರಾನೈಟು ಹಾಕಿಸೋ ಮಾತು ಬಂದಾಗ ಕಾಂಟ್ರಾಕ್ಟರ್ 'ನೇಟ್ ಹತ್ರ ಕೇಳಿ ನೋಡ್ಬೇಕು' ಅಂದದ್ದು ತನ್ನ ಕಿವಿಗೆ ಬಿತ್ತು ಅಂತ ಪ್ಯಾಕ್ಸ್‌ಟನ್ನಿನ ಸಹಾಯಕನೊಬ್ಬ ಸಾಕ್ಷಿ ಹೇಳಿದ. ಪ್ಯಾಕ್ಸ್‌ಟನ್ ಕಡೆಯ ವಕೀಲರು ಅಡುಗೆಮನೆ ಫೋಟೋ ತೋರಿಸಿ, 'ನೋಡಿ, ಹಳೇ ಕಟ್ಟೆಯೇ ಇದೆ, ಗ್ರಾನೈಟು ಎಲ್ಲಿದೆ?' ಅಂದರು. ಹಾಕದ ಕಲ್ಲಿನ ಮೇಲೆ ಒಂದು ರಾಜ್ಯದ ಸೆನೆಟ್ಟು ಗಂಟೆಗಟ್ಟಲೆ ಚರ್ಚೆ ಮಾಡಿತು ಮಾರಾಯ. ನಾವಿಬ್ಬರೂ ಹಾಕದ ಡಾಂಬರಿನ ಬಗ್ಗೆ ಮಾಡಿದ ಹಾಗೆ.

ಕಡೆಗೆ ಖುಲಾಸೆ. ತಪ್ಪಿತಸ್ಥ ಅನ್ನೋಕೆ 21 ಮತ ಬೇಕಿತ್ತು, ಯಾವ ಆರೋಪಕ್ಕೂ 14ರ ಮೇಲೆ ಬೀಳಲಿಲ್ಲ. ಮೊದಲಿಂದಲೂ ಈತ ತಾನು ತಪ್ಪೇ ಮಾಡಿಲ್ಲ ಅಂತಲೇ ಹೇಳ್ತಿರೋದು. ಲಂಚದ ದೂರಿನ ಮೇಲೆ ಕೇಂದ್ರದವರು ಮೊಕದ್ದಮೆಯನ್ನೂ ಹೂಡಲಿಲ್ಲ. ಆದರೆ ಆ ನಾಲ್ವರ ಕೇಸು ಸಾಯಲಿಲ್ಲ. ಕಟಕಟೆ ಹತ್ತೋದು ತಪ್ಪಲಿ ಅಂತಲೋ ಏನೋ, ಈತನ ಕಚೇರಿ 2024ರಲ್ಲಿ 'ಅವರು ಹೇಳೋ ಸಂಗತಿಗಳನ್ನ ನಾವು ಅಲ್ಲಗಳೆಯಲ್ಲ' ಅಂತ ಬರೆದುಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ನಾಲ್ವರಿಗೂ ಸೇರಿ 66 ಲಕ್ಷ ಡಾಲರ್ ಕೊಡಿ ಅಂದರು. 33 ಇದ್ದದ್ದು 66! ಅದೇ ತಿಂಗಳು ಈತ ಸೆನೆಟ್ಟಿಗೆ ನಿಲ್ತೀನಿ ಅಂತ ಘೋಷಿಸಿದ.

ಇಷ್ಟೆಲ್ಲ ಯಾಕೆ ಕೊರೀತಿದೀನಿ ಅಂದ್ರೆ, ಆ ವಿಚಾರಣೆಯಲ್ಲಿ ನೋಡಿದ್ದು ಆವತ್ತಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ. ದೂರು ಹೊರಬಿದ್ದ ಮೇಲೆ ಪ್ಯಾಕ್ಸ್‌ಟನ್ ಇವರನ್ನ 'ರೋಗ್' ನೌಕರರು ಅಂತ ಕರೆದಿದ್ದ. ರಯಾನ್ ವಾಸ್ಸರ್ ಅನ್ನೋ ವಕೀಲನಿಗೆ ಆ ಪದದ ಬಗ್ಗೆ ಕೇಳಿದರು. ಆತನ ಗಂಟಲು ಕಟ್ಟಿತು, ಕಣ್ಣು ತುಂಬಿತು. ಕೆಲಸ ಹೋದದ್ದರ ಲೆಕ್ಕ ಡಾಲರಲ್ಲಿ ಕೊಡಬಹುದಿತ್ತು. ಈ ಪದದ್ದು ಹಾಗಲ್ಲ. 33 ಲಕ್ಷದ ರಾಜಿಯಲ್ಲಿ ಆ ಒಂದು ಪದಕ್ಕೆ ಕ್ಷಮೆ ಕೇಳೋ ಮಾತೂ ಸೇರಿತ್ತು ಅಂದರೆ ನೋಡು.

ರೋಗ್ ಅನ್ನೋದಕ್ಕೆ ನಮ್ಮಲ್ಲಿ ಪುಂಡ ಅಂತೀವಿ. ಪುಂಡಾನೆ. ನಮ್ಮ ಹಳೇ ಆಫೀಸಿನ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಸಾಹೇಬರು ನಿನ್ನನ್ನ ಕರೀತಿದ್ದದ್ದೂ ಹಾಗೇ ಅಲ್ವೇನೋ? 'ಎಲ್ಲಪ್ಪಾ ನಿಮ್ಮ ಪುಂಡಾನೆ, ಇವತ್ತು ಯಾವ ರೋಡು ತುಳೀತಿದೆ?' ನಾವೆಲ್ಲ ಟೀ ಲೋಟ ಹಿಡಿದು ನಗ್ತಿದ್ವಿ. ನೀನೂ ನಗ್ತಿದ್ದೆ.

2025ರ ದಸರಾದಲ್ಲಿ ಅಭಿಮನ್ಯು ಅಂಬಾರಿ ಹೊತ್ತದ್ದನ್ನ ಇಲ್ಲಿ ಬೆಳಗಿನ ಜಾವ ನಿದ್ದೆಗೆಟ್ಟು ನೋಡಿದೆ. ಮಗ ಕೇಳಿದ, 'ಈ ಆನೆ ಬಾಕಿ ದಿನ ಏನು ಮಾಡುತ್ತಪ್ಪ?' ಅಂತ. 'ಊರಿಗೆ ನುಗ್ಗೋ ಪುಂಡಾನೆಗಳನ್ನ ಹಿಡಿಯೋಕೆ ಹೋಗುತ್ತೆ, ಆನೆ ಹಿಡಿಯೋಕೆ ಆನೆಯೇ ಬೇಕು' ಅಂದೆ. ಅಂದವನು ಸುಮ್ಮನಾಗಿಬಿಟ್ಟೆ.

ಅಳತೆಯ ದಿನ ನಾನು ಇದ್ದೆ ಅನ್ನೋದು ನಿನಗೆ ಗೊತ್ತೇ ಇದೆ. 3 ಕಿಲೋಮೀಟರ್ ರೋಡು, 200 ಮೀಟರಿಗೊಂದು ಗುರುತು. ನೀನು ಉಳಿ ಸುತ್ತಿಗೆ ಹಿಡಿದು ಅಂಚಿನಲ್ಲಿ ಡಾಂಬರು ಎಬ್ಬಿಸಿ ಅಳೀತಿದ್ದೆ. ಉದ್ದದ ಟೇಪಿನ ಇನ್ನೊಂದು ತುದಿ ನನ್ನ ಕೈಲಿತ್ತು. ಕೆಲಸದ ಅಳತೆ ಬರೆದಿಡೋ ಎಂ.ಬಿ. ಪುಸ್ತಕದಲ್ಲಿ ಡಾಂಬರಿನ ದಪ್ಪ 25 ಮಿಲಿಮೀಟರ್, ನೆಲದ ಮೇಲೆ 14. ಕೆಲವು ಕಡೆ 11. ನೀನು ಮೇಲಕ್ಕೆ ಬರೆದೆ. ಸಾಹೇಬರು ನನ್ನನ್ನ ಕೊಠಡಿಗೆ ಕರೆಸಿ ಬಿಳಿ ಹಾಳೆ ಕೊಟ್ಟರು. ನಾನು ಬರೆದೆ: 'ಸದರಿ ದಿನದಂದು ನಾನು ರಜೆಯ ಮೇಲಿದ್ದು, ಸದರಿ ವಿಷಯವು ನನ್ನ ಗಮನಕ್ಕೆ ಬಂದಿರುವುದಿಲ್ಲ.' ಎರಡು ಸದರಿ. ಅದನ್ನು ನೀನು ಫೈಲಲ್ಲಿ ನೋಡಿದೆ, ಒಂದು ವಾರ ಮಾತು ಬಿಟ್ಟೆ, ಆಮೇಲೆ ನೀನೇ ನನ್ನ ರೂಮಿಗೆ ಬಂದು, 'ಬಿಡೋ, ನಿನಗೆ ತಂಗಿ ಮದುವೆ ಇದೆ' ಅಂದೆ. ಅಲ್ಲಿಗೆ ಮುಗೀತು ಅಂದ್ಕೊಂಡಿದೀಯ ನೀನು.

ನೆಪ ಹೇಳಬೇಕಂದ್ರೆ ಇದೆ. ಅದು 2006. ಅದಕ್ಕೆ ಹಿಂದಿನ ನವೆಂಬರಲ್ಲಷ್ಟೇ ಮಂಜುನಾಥ್ ಷಣ್ಮುಗಂನ ಕೊಲೆಯಾಗಿತ್ತು. ಕೆಜಿಎಫ್ ಹುಡುಗ, ಮೈಸೂರಲ್ಲೇ ಇಂಜಿನಿಯರಿಂಗ್ ಓದಿದವನು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕು ಹಿಡಿಯೋಕೆ ಹೋಗಿ ಗುಂಡೇಟು ತಿಂದ. 27 ವರ್ಷ. 'ಟೇಪೂ, ಬೇಡ ಕಣೋ' ಅಂತ ಆ ಪೇಪರ್ ಕಟಿಂಗ್ ನಿನಗೆ ತೋರಿಸಿದವನೇ ನಾನು. ನಿನ್ನ ಪ್ರಾಣದ ಮೇಲಿನ ಕಾಳಜಿಗೆ ತೋರಿಸಿದ್ದು ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡಿದೀನಿ.

ಹೇಳಬಾರದು ಅಂದುಕೊಂಡೇ ಕೂತಿದ್ದೆ. ಬೆರಳು ಕೇಳ್ತಿಲ್ಲ.

ಎಂ.ಬಿ. ಪುಟಗಳನ್ನ ನೀನು ಜೆರಾಕ್ಸ್ ಮಾಡಿಸಿ ಇಟ್ಟಿದೀಯ ಅಂತ ಸಾಹೇಬರಿಗೆ ಹೇಳಿದವನು ನಾನು. ಜೆರಾಕ್ಸ್ ಅಂಗಡಿ ಹುಡುಗ ಅಲ್ಲ. ಪಾಪ, ನೀನು ಅವನ ಅಂಗಡಿಗೆ ಹೋಗೋದನ್ನೇ ಬಿಟ್ಟೆ, ಊರೆಲ್ಲ ಅವನನ್ನ ಚಾಡಿಕೋರ ಅಂದೆ. ಅವನು ಬಾಯಿ ಬಿಟ್ಟಿರಲಿಲ್ಲ. ನಾನು ಬಿಟ್ಟಿದ್ದೆ. ಯಾರೂ ಬೆದರಿಸಲಿಲ್ಲ, ಹೊಡೆಯಲಿಲ್ಲ. 'ಅವನ ಹತ್ರ ಏನಾದ್ರೂ ಇದೆಯೇನಪ್ಪ?' ಅಂತ ಸಾಹೇಬರು ಎಲೆಯಡಿಕೆ ಮಡಿಸ್ತಾ ಕೇಳಿದರು, ನಾನು ಹೇಳಿದೆ. ಮಾರನೇ ವಾರ ನಿನಗೆ ನೋಟಿಸು: ಕಚೇರಿ ದಾಖಲೆಯನ್ನು ಅನಧಿಕೃತವಾಗಿ ಪ್ರತಿ ಮಾಡಿಕೊಂಡದ್ದಕ್ಕೆ ಕಾರಣ ಕೇಳಿ. ಹತ್ತೊಂಬತ್ತು ತಿಂಗಳಲ್ಲಿ ಮೂರು ವರ್ಗ. ಮೂರನೇ ಊರಲ್ಲಿ ನಿನ್ನ ಮಗಳಿಗೆ ಕನ್ನಡ ಶಾಲೆ ಸಿಗದೆ ಅಮ್ಮನ ಹತ್ರ ಬಿಟ್ಟಿರಿ. ನನಗೆ ಪಾಸ್‌ಪೋರ್ಟಿನ ಎನ್.ಓ.ಸಿ. ಮೂರೇ ವಾರಕ್ಕೆ ಬಂತು. 'ಎನ್.ಓ.ಸಿ. ಇಷ್ಟು ಬೇಗ ಹೆಂಗೋ?' ಅಂತ ನೀನೇ ಹೋಟೆಲಲ್ಲಿ ಮಸಾಲೆದೋಸೆ ಕೊಡಿಸಿದೆ.

ಅಂಬಾರಿ ಆನೆಗೆ ಕುಸುರೆ ಕಟ್ಟಿ ತಿನ್ನಿಸ್ತಾರಲ್ಲ, ಭತ್ತದ ಹುಲ್ಲಲ್ಲಿ ಭತ್ತ, ಬೆಲ್ಲ, ಕೊಬ್ಬರಿ ಇಟ್ಟು. ನನ್ನ ಕುಸುರೆ ಒಂದು ಎನ್.ಓ.ಸಿ., ಮೇಲೊಂದು ಮಸಾಲೆದೋಸೆ.

ಆ ಸೆನೆಟ್ಟಿನಲ್ಲಿ ವಾಸ್ಸರ್ 'ನಾವು ಎಫ್‌ಬಿಐಗೆ ಯಾವ ಸಾಕ್ಷ್ಯವನ್ನೂ ತಗೊಂಡು ಹೋಗಲಿಲ್ಲ' ಅಂದ. ಕಣ್ಣಾರೆ ಕಂಡದ್ದನ್ನ ನಂಬಿ ಹೇಳೋಕೆ ಹೋಗಿದ್ವಿ ಅನ್ನೋದು ಅವನ ಮಾತು. ಪ್ಯಾಕ್ಸ್‌ಟನ್ ಕಡೆಯವರು ಹಿಡಿದುಕೊಂಡದ್ದು ಮೊದಲ ಅರ್ಧವನ್ನ ಮಾತ್ರ. ಕಾಗದ ಇಲ್ಲದವನು ಸುಳ್ಳುಗಾರ, ಕಾಗದ ಇಟ್ಟುಕೊಂಡ ನೀನು ಕಳ್ಳ. ಅದನ್ನ ನೋಡುವಾಗ ನನಗೆ ಪ್ಯಾಕ್ಸ್‌ಟನ್ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕಚೇರಿಯಲ್ಲಿ ಎಂಟು ಜನ ಬಿಟ್ಟು ಬಾಕಿ ಸಾವಿರಾರು ಜನ ಇದ್ದರಲ್ಲ, ಮಾರನೇ ದಿನ ಬಂದು ಖಾಲಿ ಕುರ್ಚಿ ಪಕ್ಕ ಕೂತು ಕೆಲಸ ಮಾಡಿದವರು, ಅವರ ಮುಖ ಹುಡುಕ್ತಿದ್ದೆ. ಟಿವಿಯವರು ಅವರನ್ನ ತೋರಿಸಲ್ಲ.

ಸರಿ, ಸಾಕು. ಪತ್ರ ಓದ್ತಿರೋ ಮಹಾಜನಗಳೇ, ಇದೆಲ್ಲ ಸ್ವಲ್ಪ ಉಪ್ಪುಖಾರ ಹಚ್ಚಿ ಬರೆದದ್ದು, ಹಬ್ಬದ ಹೊತ್ತಲ್ಲಿ ಯಾರೂ ಕಣ್ಣೀರು ಹಾಕಬೇಡಿ. ಟೇಪು, ನಿನಗೆ ಮಾತ್ರ ಹೇಳ್ತೀನಿ: ಹಚ್ಚಿಲ್ಲ. ಕ್ಷಮೆಗೆ ಈಗ ರೇಟು ಗೊತ್ತಾಗಿದೆ, 33 ಲಕ್ಷ ಡಾಲರಿನಿಂದ ಶುರು. ನನ್ನ ಅಡುಗೆಕಟ್ಟೆಯ ಸಾಲವೇ ತೀರಬೇಕಿದೆ, ಹಾಗಾಗಿ ಬಿಟ್ಟಿಯದನ್ನೇ ಇಟ್ಟುಕೋ. ಹನ್ನೊಂದನೇ ಇಡ್ಲಿಯ ಬಾಕಿಯನ್ನೂ ಇದರಲ್ಲೇ ವಜಾ ಮಾಡ್ಕೋ.

ನಾನು ಹೊರಡುವಾಗ ನಿನ್ನ ಜೇಬಿನ ಸ್ಟೀಲ್ ಟೇಪು ಕೊಟ್ಟಿದ್ದೆಯಲ್ಲ, ಇನ್ನೂ ಇದೆ. ಮೊದಲ ಎರಡು ಇಂಚಿನ ಗೆರೆ ಅಳಿಸಿಹೋಗಿವೆ, ಅದಕ್ಕೇ ಮೂರರಿಂದ ಹಿಡಿದು ಅಳೆದು ಕಳೀಬೇಕು. ಕಾಂಟ್ರಾಕ್ಟರ್ ಹೋದ ಮೇಲೆ ಕಟ್ಟೆ ಅಳೆದೆ. ಅವನು ಬರೆದುಕೊಂಡದ್ದು ಇಪ್ಪತ್ತಾರು ಇಂಚು ಅಗಲ. ನಿನ್ನ ಟೇಪಿನಲ್ಲಿ ಇಪ್ಪತ್ತೈದೂವರೆ. ಹೆಂಡತಿ, 'ಈಗಲೇ ಫೋನ್ ಮಾಡಿ ಹೇಳ್ಬಾರ್ದಾ?' ಅಂದಳು. ಸೋಮವಾರ ಹೇಳ್ತೀನಿ ಅಂದೆ. ಇವತ್ತು ಗುರುವಾರ.

ಬೈಯೋದಿದ್ದರೆ ಇಲ್ಲಿ ಬೇಡ, ಫೋನ್ ಮಾಡು. ನಿನ್ನ ಬೆಳಗಿನ ಏಳು ಗಂಟೆ ನನಗೆ ರಾತ್ರಿ ಎಂಟೂವರೆ, ಎದ್ದಿರ್ತೀನಿ. ಆ ಜೆರಾಕ್ಸ್ ಅಂಗಡಿ ಇನ್ನೂ ಇದೆಯೇನೋ?

ಇಂತಿ,
ಸದರಿ