ಸ್ಪ್ರೇಗೆ ಮುನ್ನ ಜಾಲರಿ ಎತ್ತಿ ನೋಡಿ

ಮಾನ್ಯರೇ,

ಮನೆಯ ದುರ್ವಾಸನೆ ಕಳೆಯಲು ಸಾವಿರಾರು ರೂಪಾಯಿ ಕೊಟ್ಟು ಸ್ಪ್ರೇ ಹೊಡೆಸುವವರು ಮೊದಲು ಬಚ್ಚಲಿನ ಜಾಲರಿ ಎತ್ತಿ ನೋಡಲಿ. ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ, ಅಂದರೆ ಬಚ್ಚಲ ನೀರು ಹಾದುಹೋಗುವ ಬಟ್ಟಲಿನಂಥ ಭಾಗದಲ್ಲಿ, ಸುಮಾರು 50 ಮಿ.ಮೀ. ನೀರು ಸದಾ ನಿಂತಿರಬೇಕು. ಚರಂಡಿ ಗಾಳಿಯನ್ನು ತಡೆಯುವುದು ಆ ನೀರೇ. ಬಳಸದ ಬಚ್ಚಲಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಅದು ಆರಿಹೋಗುತ್ತದೆ. ಎರಡು ಚೊಂಬು ನೀರು ಸುರಿದರೆ ಆಯಿತು, ಖರ್ಚು ಸೊನ್ನೆ. ಊರಿಗೆ ಹೊರಡುವಾಗ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆವಿಯಾಗದು.

ಆಮೇಲೂ ನಾತ ಬಂದರೆ ಟ್ರ್ಯಾಪ್ ಬಿರುಕು ಬಿಟ್ಟಿರಬಹುದು, ಕಮೋಡಿನ ಬುಡದ ಸಿಮೆಂಟ್ ಸಡಿಲಾಗಿರಬಹುದು. ಫ್ಲಷ್ ಮಾಡಿದಾಗ ಬಚ್ಚಲಲ್ಲಿ ಗೊಳಗೊಳ ಸದ್ದು ಕೇಳಿದರೆ ಕೊಳಚೆ ಪೈಪಿಗೆ ಗಾಳಿ ಒದಗಿಸುವ ಗಾಳಿ ಪೈಪ್ ಕಟ್ಟಿಕೊಂಡು, ಫ್ಲಷ್ ನೀರಿನ ರಭಸ ಟ್ರ್ಯಾಪಿನ ನೀರನ್ನು ಸೆಳೆಯುತ್ತಿದೆ ಎಂದೇ ಅನುಮಾನಿಸಬೇಕು. ಪ್ಲಂಬರ್ ಬೇಕಾಗುವುದು ಇಲ್ಲಿ. ಸಿಂಕ್ ಪೈಪು ಗೋಡೆ ಸೇರುವ ಸಂದಿಯನ್ನು ಮಾತ್ರ ರಬ್ಬರ್ ಬುಷ್ (ಪೈಪಿನ ಸುತ್ತ ಕೂರುವ ರಬ್ಬರ್ ಬಳೆ) ಹಾಕಿ ನೀವೇ ಮುಚ್ಚಬಹುದು.

ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಸುರಿಯಲೇಬೇಡಿ, ವಿಷಕಾರಿ ಕ್ಲೋರಿನ್ ಏಳುತ್ತದೆ.

ಟ್ರ್ಯಾಪ್ ಮುಟ್ಟಿಯೂ ನೋಡದೆ ಚದರಡಿ ಲೆಕ್ಕದಲ್ಲಿ ದರ ಹೇಳುವವರಿಗೆ ಮುಂಗಡ ಕೊಡುವ ಮುನ್ನ ವಾಸನೆಯ ಕಾರಣವನ್ನು ಬರೆಸಿಕೊಳ್ಳಿ.

– ಕೊಳಾಯಿ ಕೆಲಸಗಾರರು, ಬೆಂಗಳೂರು