ಚೀಲದ ನಿಯಮ ಮುಚ್ಚಿಟ್ಟು ಟಿಕೆಟ್ ಮಾರಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಟಿಕೆಟ್ ಮಾರಾಟ ಸಂಸ್ಥೆ

ಇವರಿಂದ,
ಎರಡು ಟಿಕೆಟ್ ಕೊಂಡ ಗ್ರಾಹಕಿ,
ಹುಮನಾಬಾದ್, ಬೀದರ್ ಜಿಲ್ಲೆ

ವಿಷಯ: ಕಲಬುರಗಿಯಲ್ಲಿ ಕಳೆದ ಶನಿವಾರ ನಡೆದ ಸಂಗೀತ ಕಾರ್ಯಕ್ರಮದ ಟಿಕೆಟ್ ಮಾರಾಟದಲ್ಲಿ ಆದ ಅನ್ಯಾಯ ಮತ್ತು ಹಣ ಮರುಪಾವತಿ ಕುರಿತು

ಮಾನ್ಯರೇ,

ನಿಮ್ಮ ಸಹಾಯ ಕೇಂದ್ರಕ್ಕೆ ಈಗಾಗಲೇ ಬರೆದಿದ್ದೇನೆ. 'ಒಮ್ಮೆ ಮಾರಿದ ಟಿಕೆಟ್ ರದ್ದಾಗುವುದಿಲ್ಲ' ಎಂಬ ಸಿದ್ಧ ಉತ್ತರ ಬಂತು. ಟಿಕೆಟ್ ರದ್ದು ಮಾಡಿ ಎಂದು ನಾನು ಕೇಳಿಯೇ ಇರಲಿಲ್ಲ. ಆದ್ದರಿಂದ ಮನುಷ್ಯರು ಓದಬಹುದೆಂಬ ಭರವಸೆಯಿಂದ ಈ ಪತ್ರವನ್ನು ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಗೆಳತಿ ಬೆನ್ನುಚೀಲ ಹೊತ್ತು ನಮ್ಮದೇ ಸೀಮೆಯನ್ನು ಸುತ್ತಲು ಹೊರಟಿದ್ದೆವು. ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಭೀಮಾ ದಂಡೆಯ ಸನ್ನತಿ ನೋಡಿಕೊಂಡು ಕಲಬುರಗಿಗೆ ಬಂದೆವು. ಶಕ್ತಿ ಯೋಜನೆ ಇರುವುದರಿಂದ ಸಾರಿಗೆ ಬಸ್ಸಿಗೆ ನಮ್ಮ ಖರ್ಚು ಸೊನ್ನೆ. ಊಟಕ್ಕೆ ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇಷ್ಟು ಬಿಗಿಯಾಗಿ ಹಣ ಹಿಡಿದುಕೊಂಡು ತಿರುಗುವವರಿಗೆ ಪ್ರತಿ ನೂರು ರೂಪಾಯಿಗೂ ಒಂದು ಲೆಕ್ಕವಿರುತ್ತದೆ. ಆ ಲೆಕ್ಕವನ್ನೇ ನೀವು ಕೆಡಿಸಿದ್ದೀರಿ.

ಕೇಂದ್ರ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗಾಗಿ ಕಾಯುತ್ತಿದ್ದಾಗ ಅದೇ ಸಂಜೆಯ ಕಾರ್ಯಕ್ರಮದ ಜಾಹೀರಾತು ಕಂಡಿತು. ನಾವು ಕಾಲೇಜಿನ ದಿನಗಳಿಂದ ಕೇಳುತ್ತಾ ಬಂದ ಗಾಯಕಿ, ಅದೂ ನಮ್ಮ ಕಲಬುರಗಿಯಲ್ಲಿ! ದೊಡ್ಡ ಪಾಪ್ ಕಾರ್ಯಕ್ರಮ ನೋಡಬೇಕೆಂದರೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾದ ನಮ್ಮ ಕಡೆಯವರಿಗೆ ಅದು ಸಣ್ಣ ಆಸೆಯಲ್ಲ. ನಿಮ್ಮ ಆ್ಯಪ್ ತೆರೆದರೆ ತಲಾ 499 ರೂಪಾಯಿ ಎಂದಿತ್ತು. ಜೊತೆಗೆ ಹಿಮ್ಮುಖವಾಗಿ ಓಡುವ ಗಡಿಯಾರ, 'ಕೇವಲ 6 ಟಿಕೆಟ್ ಉಳಿದಿವೆ' ಎಂಬ ಕೆಂಪು ಅಕ್ಷರ. ಅವಸರದಲ್ಲಿ ಕೊಂಡೆವು. ಅವಸರ ಹುಟ್ಟಿಸಿದವರು ನೀವು. ಏಕೆಂದರೆ ಮೈದಾನಕ್ಕೆ ಹೋದಾಗ ಹಿಂಭಾಗ ಬಹುಪಾಲು ಖಾಲಿ ಇತ್ತು, ದ್ವಾರದ ಪಕ್ಕದಲ್ಲೇ ನಿಮ್ಮ ಫಲಕ ಹಾಕಿಕೊಂಡು ಅದೇ ದರ್ಜೆಯ ಟಿಕೆಟ್ ಮಾರುತ್ತಿದ್ದರು.

ಹಣ ಕಟ್ಟುವ ಹೊತ್ತಿಗೆ 499 ಎಂಬುದು 679 ರೂಪಾಯಿ 32 ಪೈಸೆಯಾಗಿತ್ತು. ಬಿಲ್ಲಿನಲ್ಲಿ ಅನುಕೂಲ ಶುಲ್ಕ 75, ಅದರ ಮೇಲಿನ ತೆರಿಗೆ 13.50, ನಾವು ಒತ್ತದೆಯೇ ಗುರುತು ಬಿದ್ದಿದ್ದ ದೇಣಿಗೆ 2 ರೂಪಾಯಿ ಮತ್ತು ಟಿಕೆಟ್ಟಿನ ಮೇಲೆ ಶೇಕಡಾ 18ರ ಜಿಎಸ್‌ಟಿ ಎಂದು 89.82 ಇದೆ. ಈ ಕೊನೆಯ ಮೊತ್ತಕ್ಕೆ ನನಗೆ ಲಿಖಿತ ವಿವರಣೆ ಬೇಕು. ತಲಾ 500 ರೂಪಾಯಿ ಮೀರದ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. 499 ಎಂಬ ಅಂಕಿಯನ್ನು ನೀವು ಸುಮ್ಮನೆ ಆರಿಸಿಕೊಂಡಿರಲಾರಿರಿ. ಹಾಗಿದ್ದರೆ ಆ 89.82 ಯಾರ ಖಾತೆಗೆ ಹೋಯಿತು? ದೇಣಿಗೆಯ ವಿಷಯಕ್ಕೆ ಬಂದರೆ, ನಾವು ದಾನ ಮಾಡುವ ಮೊದಲೇ ನಮ್ಮ ಪರವಾಗಿ ದಾನ ಮಾಡುವ ಔದಾರ್ಯ ನಿಮಗೆ ಬೇಡ. ಮೊದಲೇ ಗುರುತು ಹಾಕಿಟ್ಟ ಚೌಕಗಳಿಂದ ಗ್ರಾಹಕರ ಒಪ್ಪಿಗೆ ಪಡೆಯಬಾರದೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ.

ಇಷ್ಟಾದರೆ ಗೊಣಗಿ ಸುಮ್ಮನಾಗುತ್ತಿದ್ದೆವೇನೋ. ನಿಜವಾದ ಅನ್ಯಾಯ ಶುರುವಾದದ್ದು ದ್ವಾರದಲ್ಲಿ.

ಬೆನ್ನುಚೀಲ ಒಳಗೆ ಬಿಡುವುದಿಲ್ಲ ಎಂದರು. ಜನಜಂಗುಳಿಯ ಜಾಗದಲ್ಲಿ ಭದ್ರತೆಗೆ ಅಂಥ ನಿಯಮ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ಟಿಕೆಟ್ ಕೊಳ್ಳುವ ಪುಟದಲ್ಲಿ ನೀವು ಹೇಳಿಲ್ಲ. ಹಣ ಪಾವತಿಯಾದ ಮೇಲೆ ಇಮೇಲ್‌ನಲ್ಲಿ ಬಂದ ಷರತ್ತುಗಳ ಕಡತದಲ್ಲಿ, ನಾಲ್ಕನೆಯ ಪುಟದ ಬುಡದಲ್ಲಿ, ಇಂಗ್ಲಿಷಿನಲ್ಲಿ ಅದು ಅಡಗಿತ್ತು. ಹಿಂದಿನ ದಿನ ತಾನೇ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವನ್ನು ನೋಡಿದ್ದೆವು. ಎರಡು ಸಾವಿರ ವರ್ಷದ ಹಿಂದಿನ ಆ ಶಿಲ್ಪಿ ನೋಡುವವರಿಗೆ ಗೊಂದಲ ಬೇಡವೆಂದು ರಾಜನ ಹೆಸರನ್ನು ಅಲ್ಲೇ ಕಲ್ಲಿನಲ್ಲಿ ಕೊರೆದಿಟ್ಟಿದ್ದಾನೆ. ಹೇಳಬೇಕಾದ್ದನ್ನು ಹೇಳಬೇಕಾದ ಜಾಗದಲ್ಲಿ ಬರೆಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಬ್ರಹ್ಮಪುರದಲ್ಲಿ ಗೆಳತಿಯ ಸೋದರತ್ತೆಯ ಮನೆಯಿದೆ. ನಿಯಮ ಮೊದಲೇ ಗೊತ್ತಿದ್ದರೆ ಚೀಲವನ್ನು ಅಲ್ಲಿಟ್ಟು ಕೈಬೀಸಿಕೊಂಡು ಬರುತ್ತಿದ್ದೆವು.

ದ್ವಾರದ ಎದುರಿಗೆ ಚೀಲ ಇಡುವ ಡೇರೆ ಸಿದ್ಧವಾಗಿತ್ತು. ಒಂದು ಚೀಲಕ್ಕೆ 300 ರೂಪಾಯಿ, ರಸೀದಿ ಇಲ್ಲ, ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ ಮಾತ್ರ. ನಿಯಮವನ್ನು ಮರೆಯಲ್ಲಿಟ್ಟು ಅದರ ಪರಿಹಾರವನ್ನು ದ್ವಾರದ ಬಳಿ ಮಾರಾಟಕ್ಕಿಟ್ಟರೆ ಜನ ಏನೆಂದುಕೊಳ್ಳಬೇಕು? ತಿಂಡಿಯನ್ನು ಚೀಲದಲ್ಲೂ ಇಡುವಂತಿಲ್ಲ ಎಂದು ರೊಟ್ಟಿಯ ಗಂಟನ್ನು ಕಸದ ಡ್ರಮ್ಮಿಗೆ ಹಾಕಿದರು. ಶೇಂಗಾ ಹಿಂಡಿಯ ಡಬ್ಬಿಯನ್ನು ಕಾವಲುಗಾರರು ಮೂಸಿ ನೋಡಿ, ಒಬ್ಬರು ಸೀನಿ, ಆಮೇಲೆ ಅದನ್ನೂ ಹಾಕಿದರು. ತಿಂಗಳಿಟ್ಟರೂ ಕೆಡದ ರೊಟ್ಟಿ ಅದು. ಅದರ ಬೆಲೆಯನ್ನು ನಾನು ಕೇಳುತ್ತಿಲ್ಲ, ಬೇಯಿಸಿಕೊಟ್ಟ ತಾಯಿಗೆ ನೀವು ಕೊಡುವ ಉತ್ತರವನ್ನು ಮಾತ್ರ ಕೇಳುತ್ತಿದ್ದೇನೆ. ಒಳಗೆ ಕುಡಿಯುವ ನೀರಿನ ವ್ಯವಸ್ಥೆ ಇರಲಿಲ್ಲ. 20 ರೂಪಾಯಿ ಎಂದು ಮುದ್ರಿಸಿದ್ದ ಬಾಟಲಿಯನ್ನು 60ಕ್ಕೆ ಮಾರುತ್ತಿದ್ದರು. ನಮ್ಮ ಕಡೆಯ ಬಿಸಿಲಿನಲ್ಲಿ ಕಾದ ಮೈದಾನ ಎಂಥದೆಂದು ನಿಮಗೆ ಗೊತ್ತಿರಲಾರದು.

ಟಿಕೆಟ್ಟಿನಲ್ಲಿ ಆರಂಭ ಸಂಜೆ 6.30, ಅವಧಿ ಎರಡೂವರೆ ಗಂಟೆ ಎಂದಿದೆ. ಗಾಯಕಿ ವೇದಿಕೆಗೆ ಬಂದಾಗ 9.20. ಅಲ್ಲಿಯತನಕ ಪ್ರಾಯೋಜಕರ ಜಾಹೀರಾತು, ನಿರೂಪಕರ ಚಪ್ಪಾಳೆ ಸ್ಪರ್ಧೆ. ಹತ್ತು ಗಂಟೆಗೆ ಸರಿಯಾಗಿ, ಹಾಡಿನ ನಡುವೆಯೇ, ಧ್ವನಿವರ್ಧಕ ನಿಂತಿತು. ಗಾಯಕಿಯ ಮೇಲೆ ನನಗೆ ಸಿಟ್ಟಿಲ್ಲ, ಆ ನಲವತ್ತು ನಿಮಿಷ ಅವರು ಮನಸಾರೆ ಹಾಡಿದರು. ಪೊಲೀಸರ ಮೇಲೂ ಇಲ್ಲ. ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಿಂದ ಎಲ್ಲರಿಗೂ ತಿಳಿದಿರುವ ಸಂಗತಿ. ಕಾರ್ಯಕ್ರಮ ಮಾಡುವವರಿಗೂ ಟಿಕೆಟ್ ಮಾರುವವರಿಗೂ ಮಾತ್ರ ಅದು ಹತ್ತು ಗಂಟೆಗೆ ಗೊತ್ತಾಯಿತೇ?

ಚೀಲದ ಡೇರೆಯ ಮುಂದೆ ನೂಕುನುಗ್ಗಲು. ಇಬ್ಬರೇ ಹುಡುಗರು ರಾಶಿಯಲ್ಲಿ ಸಂಖ್ಯೆ ಹುಡುಕುತ್ತಿದ್ದರು, ಅರ್ಧಕ್ಕರ್ಧ ಅಳಿಸಿಹೋಗಿದ್ದವು. ನಮ್ಮ ಚೀಲ ಕೈಗೆ ಬಂದಾಗ ಮಧ್ಯರಾತ್ರಿ ದಾಟಿತ್ತು, ಒಂದರ ಪಟ್ಟಿ ಕಿತ್ತುಹೋಗಿತ್ತು. ಹುಮನಾಬಾದಿನ ಬಸ್ಸು ತಪ್ಪಿತು. ಬೆಳಗಿನ ಬಸ್ಸಿನವರೆಗೆ ನಿಲ್ದಾಣದಲ್ಲೇ ಕುಳಿತೆವು. ಇಬ್ಬರು ಹೆಣ್ಣುಮಕ್ಕಳು ರಿಂಗ್ ರಸ್ತೆಯಿಂದ ಆ ಹೊತ್ತಿನಲ್ಲಿ ನಿಲ್ದಾಣ ತಲುಪಿದ ಬಗೆಯನ್ನು ಇಲ್ಲಿ ವಿವರಿಸುವುದಿಲ್ಲ.

'ನಾವು ಟಿಕೆಟ್ ಮಾರುವ ಆನ್‌ಲೈನ್ ವೇದಿಕೆ ಮಾತ್ರ, ಆಯೋಜಕರನ್ನು ಕೇಳಿ' ಎಂದು ನಿಮ್ಮ ಎರಡನೆಯ ಉತ್ತರದಲ್ಲಿದೆ. ಅನುಕೂಲ ಶುಲ್ಕ ಪಡೆದವರು ನೀವು. ಚೀಲದ ನಿಯಮವನ್ನು ಮಾರಾಟದ ಪುಟದಿಂದ ಹೊರಗಿಟ್ಟವರು, ಗಡಿಯಾರ ಓಡಿಸಿದವರೂ ನೀವೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನು ಗುರುತಿಸಿದೆ. ಸುಳ್ಳು ತುರ್ತು ಹುಟ್ಟಿಸುವುದು, ಕೇಳದ್ದನ್ನು ಬಿಲ್ಲಿಗೆ ಸೇರಿಸುವುದು, ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಏರಿಸುವುದು ಈ ಮೂರೂ ಅದರಲ್ಲಿವೆ, ಮೂರೂ ನನ್ನ ಒಂದೇ ಖರೀದಿಯಲ್ಲಿವೆ.

ಎರಡು ಟಿಕೆಟ್‌ಗಳ ಮೇಲೆ 998 ರೂಪಾಯಿಗಿಂತ ಹೆಚ್ಚಾಗಿ ಪಡೆದ 360.64, ಚೀಲಗಳಿಗೆ ತೆತ್ತ 600, ಮೊಟಕಾದ ಕಾರ್ಯಕ್ರಮಕ್ಕಾಗಿ ಟಿಕೆಟ್ ದರದ ಅರ್ಧ 499, ಒಟ್ಟು 1,459.64 ರೂಪಾಯಿಯನ್ನು ಹಣ ಬಂದ ಖಾತೆಗೇ ಹಿಂದಿರುಗಿಸಬೇಕು. ರಿಯಾಯಿತಿ ಕೂಪನ್ ಬೇಡ. ಇನ್ನು ಮುಂದೆ ಚೀಲ, ನೀರು ಮತ್ತು ಊಟದ ನಿಯಮಗಳನ್ನು ಹಣ ಕಟ್ಟುವ ಗುಂಡಿಯ ಮೇಲ್ಗಡೆಯೇ, ಕಲಬುರಗಿಯ ಕಾರ್ಯಕ್ರಮವಾದರೆ ಕನ್ನಡದಲ್ಲಿಯೂ, ತೋರಿಸಬೇಕು.

ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸುವುದು ನಿಯಮದ ಪ್ರಕಾರ ನಿಮ್ಮ ಹೊಣೆ. ತಪ್ಪಿದರೆ 1915 ಗ್ರಾಹಕ ಸಹಾಯವಾಣಿಗೂ ಬೀದರ್ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ದೂರುದಾರರು ವಾಸಿಸುವ ಊರಿನಲ್ಲೇ ದಾವೆ ಹೂಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಬೇಕೆಂದೇನೂ ಇಲ್ಲ. ಬೀದರ್‌ಗೆ ಬಸ್ಸು ನನಗೆ ಉಚಿತ.

ಅಡಕ: ಪಾವತಿಯ ಬಿಲ್ಲು, ಆ್ಯಪ್ ಪರದೆಯ ಚಿತ್ರಗಳು, ಚೀಲದ ಡೇರೆಯ ಮತ್ತು ನೀರಿನ ಬಾಟಲಿಯ ಛಾಯಾಚಿತ್ರ, ನಿಮ್ಮ ಎರಡೂ ಉತ್ತರಗಳು.

ಇಂತಿ,
ನಿಮ್ಮ ಗ್ರಾಹಕಿ,
ಹುಮನಾಬಾದ್