ಅವಳು ಅಳಿಸಿದ 14

ಪ್ರೀತಿಯ ಅಕ್ಕಾ,

ಶನಿವಾರ ಬಂದರೆ ಆ ಮಕ್ಕಳ ಜೊತೆ ಅಷ್ಟು ಹೊತ್ತು ಏನು ಮಾಡ್ತೀಯಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಅಷ್ಟರಲ್ಲಿ ಬಸ್ಸು ಬಂತು, ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪ ಅಮ್ಮನಿಗೂ ಓದಿ ಹೇಳು.

ಎಲ್ಲ ಹತ್ತು, ಹನ್ನೊಂದು ವರ್ಷದ ಮಕ್ಕಳು. ಅವರಿಗೆ ನಾನು ಪಾಠ ಮಾಡುವುದಿಲ್ಲ. ಸಾಮಾನು ಕೊಡುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ, ಕೇಳುತ್ತೇನೆ. ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಯಿತು. ಮೊದಮೊದಲು ಒಂದು ಮಗು ಗಂಟು ತಪ್ಪು ಹಾಕಿದರೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ದಾರ ಅವರ ಕೈಯಿಂದ ನನ್ನ ಕೈಗೆ ಬಂದ ಕೂಡಲೇ ಅವರು ಕಿಟಕಿ ಕಡೆ ನೋಡಲು ಶುರು ಮಾಡುತ್ತಿದ್ದರು. ಈಗ ಕೈ ಕಟ್ಟಿಕೊಂಡೇ ಕೂರುತ್ತೇನೆ.

ಕಳೆದ ತಿಂಗಳು ಅತ್ತಿತ್ತ ತೂಗಾಡುವ ಲೋಲಕ ಮಾಡಿದೆವು. ಒಂದು ದಾರ, ತುದಿಗೆ ಕಬ್ಬಿಣದ ನಟ್ಟು, ಅಳತೆ ಟೇಪು, ಸ್ಟಾಪ್‌ವಾಚ್, ಅಷ್ಟೇ. ಒಂದೇ ಸಲ ಹೋಗಿ ಬರುವುದನ್ನು ಅಳೆದರೆ ಗುಂಡಿ ಒತ್ತುವುದರಲ್ಲೇ ಹೆಚ್ಚು ಕಡಿಮೆ ಆಗುತ್ತದೆ, ಹಾಗಾಗಿ ಹತ್ತು ಸಲದ ಹೊತ್ತು ಅಳೆಯುತ್ತೇವೆ. ಮೂರು ನಟ್ಟು ಕಟ್ಟಿದರೆ ಬೇಗ ತೂಗುತ್ತದೆ ಅಂತ ಹೆಚ್ಚಿನವರು ಮೊದಲೇ ಊಹಿಸಿ ಬರೆದಿದ್ದರು. ಕಟ್ಟಿ ನೋಡಿದರೆ ಏನೂ ಬದಲಾಗಲಿಲ್ಲ. ಒಬ್ಬ ಹುಡುಗನಿಗೆ ಮಾತ್ರ ಹೊತ್ತು ಜಾಸ್ತಿ ಬಂತು. ಯಾಕೆ ಅಂತ ಅವನೇ ಹುಡುಕಿದ. ನಟ್ಟುಗಳನ್ನು ಒಂದರ ಕೆಳಗೊಂದು ಇಳಿಬಿಟ್ಟಿದ್ದ, ಅಂದರೆ ತನಗೇ ಗೊತ್ತಾಗದಂತೆ ಲೋಲಕವನ್ನು ಉದ್ದ ಮಾಡಿದ್ದ.

ನಾನು ಹೇಳಬೇಕು ಅಂತಿರುವುದು ಒಬ್ಬ ಹುಡುಗಿಯ ವಿಷಯ. ತುಂಬಾ ಅಚ್ಚುಕಟ್ಟು, ಮಾತು ಕಡಿಮೆ. ಒಂದು ಮೀಟರ್ ದಾರಕ್ಕೆ ಹತ್ತು ತೂಗಾಟಕ್ಕೆ 20 ಸೆಕೆಂಡ್ ಬಂತು. ದಾರವನ್ನು ಅರ್ಧ ಮಾಡಿದಳು, 50 ಸೆಂಟಿಮೀಟರ್. ಅರ್ಧ ದಾರಕ್ಕೆ ಅರ್ಧ ಹೊತ್ತು, 10 ಬರಬೇಕು ಅಂತ ಅವಳ ಲೆಕ್ಕ. ವಾಚು 14 ತೋರಿಸಿತು. ಇನ್ನೊಮ್ಮೆ ಮಾಡಿದಳು, ಮತ್ತೆ 14. ಆಮೇಲೆ ಅತ್ತ ಇತ್ತ ನೋಡಿ, ರಬ್ಬರ್ ತೆಗೆದುಕೊಂಡು 14 ಅಳಿಸಿ 10 ಅಂತ ಬರೆದಳು.

ಅಕ್ಕಾ, ನನಗೆ ಹೊಟ್ಟೆಯಲ್ಲಿ ಹೇಗೋ ಆಯಿತು. ಅವಳು ಸುಳ್ಳು ಹೇಳಲು ಹೊರಟಿರಲಿಲ್ಲ. ವಾಚು ಸರಿ ಇರಬಹುದು, ತನ್ನ ಊಹೆ ತಪ್ಪಿರಬಹುದು ಅಂತ ಅವಳಿಗೆ ಹೊಳೆಯಲೇ ಇಲ್ಲ, ತಾನೇ ಎಲ್ಲೋ ತಪ್ಪು ಮಾಡಿದೆ ಅಂದುಕೊಂಡಳು. ನಾವೂ ಪ್ರ್ಯಾಕ್ಟಿಕಲ್ ಪುಸ್ತಕದಲ್ಲಿ ಹೀಗೇ ಮಾಡಿದ್ದೇವೆ ಅಲ್ವಾ? ಉತ್ತರ ಮೊದಲು, ಅದಕ್ಕೆ ಹೊಂದುವ ಅಂಕಿ ಆಮೇಲೆ.

ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಆ 14 ಎಲ್ಲಿ ಹೋಯಿತು?" ಅಂತ ಮೆಲ್ಲಗೆ ಕೇಳಿದೆ. ಮುಖ ಕೆಂಪಾಯಿತು. "ಅದು ತಪ್ಪು" ಅಂದಳು. "ತಪ್ಪು ಅಂತ ದಾರ ಹೇಳಿತಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಗೆಳತಿಯನ್ನು ಕರೆದು ವಾಚನ್ನು ಅವಳ ಕೈಗೆ ಕೊಟ್ಟಳು, ಎಷ್ಟು ಬರಬೇಕು ಅಂತ ಹೇಳಲೇ ಇಲ್ಲ. ನನಗೂ ತೋಚಿರದ ಉಪಾಯ ಅದು. ಮತ್ತೆ 14 ಬಂತು. ಹಾಗಾದರೆ 10 ಯಾವಾಗ ಬರುತ್ತದೆ ಅಂತ ಅವಳಿಗೆ ಹಟ ಹತ್ತಿತು. ಸ್ವಲ್ಪ ಸ್ವಲ್ಪವೇ ದಾರ ಗಿಡ್ಡ ಮಾಡುತ್ತಾ, ಪ್ರತಿ ಅಂಕಿಯನ್ನೂ ಬರೆಯುತ್ತಾ ಹೋದಳು. 25 ಸೆಂಟಿಮೀಟರಿಗೆ ಬಂದಾಗ 10! ಹೊತ್ತು ಅರ್ಧ ಆಗಬೇಕಾದರೆ ದಾರ ಕಾಲು ಭಾಗ ಆಗಬೇಕು. ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದದ್ದು ಇದೇ ನಿಯಮ. ಆದರೆ ಅವತ್ತು ಗೆಲಿಲಿಯೊ ಹೆಸರು ಹೇಳಲಿಲ್ಲ. ಆ ದಿನ ಅದು ಅವಳದು.

ಅದರ ಮುಂದಿನ ವಾರ ತಪ್ಪು ಒಪ್ಪಿಕೊಳ್ಳುವ ಸರದಿ ನನ್ನದಾಯಿತು. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ ಗ್ಲಾಸು ಮುಚ್ಚಿದರೆ ನೀರು ಮೇಲೇರುತ್ತದಲ್ಲ, ಆಮ್ಲಜನಕ ಖಾಲಿಯಾದ ಜಾಗಕ್ಕೆ ನೀರು ಬರುತ್ತದೆ ಅಂತ ನಾವು ಕಲಿತದ್ದು. ಒಬ್ಬ ಹುಡುಗ ಮೂರು ಬತ್ತಿ ಇಟ್ಟ. ನೀರು ಇನ್ನೂ ಮೇಲೆ ಹೋಯಿತು. ಗ್ಲಾಸು ಅದೇ, ಅದರಲ್ಲಿರುವ ಆಮ್ಲಜನಕವೂ ಅಷ್ಟೇ, ಮತ್ತೆ ನೀರು ಯಾಕೆ ಜಾಸ್ತಿ ಅಂತ ಕೇಳಿದ. ಇನ್ನೊಬ್ಬಳು, ಬತ್ತಿ ಆರಿದ ಮೇಲೇ ನೀರು ಸರ್ರನೆ ಏರಿದ್ದು ಅಂದಳು. ಬಿಸಿಯಾಗಿ ಹಿಗ್ಗಿದ ಗಾಳಿ ಆರಿದಾಗ ಕುಗ್ಗುತ್ತದೆ, ನೀರು ಒಳಗೆ ಬರುವುದು ಮುಖ್ಯವಾಗಿ ಅದಕ್ಕೆ. ಇಷ್ಟು ವರ್ಷ ನಾನು ನಂಬಿದ್ದು ಸರಿಯಿರಲಿಲ್ಲ ಅಂತ ಅವರಿಗೆ ನೇರವಾಗಿ ಹೇಳಿದೆ. ಲೋಲಕದ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಪುಟ್ಟನಿಗೂ ಒಂದು ದಾರ ಮತ್ತು ನಟ್ಟು ಕೊಡು. ಮೇಲಿನ ಗಂಟಿನಿಂದ ನಟ್ಟಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರಲಿ, ಜಾಸ್ತಿ ಎಳೆದು ಬಿಡುವುದು ಬೇಡ. ಎಷ್ಟು ಬರಬೇಕು ಅಂತ ಮಾತ್ರ ಹೇಳಬೇಡ. ಪೆನ್ನಿನಲ್ಲೇ ಬರೆಯಲಿ, ಗೀಚಿದ್ದೆಲ್ಲಾ ಹಾಗೇ ಇರಲಿ, ಆ ಹಾಳೆಯ ಫೋಟೋ ಕಳಿಸು. ಇಲ್ಲಿನ ಮಕ್ಕಳಿಗೆ ತೋರಿಸುತ್ತೇನೆ, ಅಲ್ಲಿಯ ದಾರವೂ ಇಷ್ಟೇ ಹೊತ್ತು ತೆಗೆದುಕೊಳ್ಳುತ್ತದಾ ಅಂತ ಅವರು ಆಗಲೇ ಕೇಳುತ್ತಿದ್ದಾರೆ.

ನಿನ್ನ ತಮ್ಮ